ಸಿಇಟಿ: ಓದುವ ಕ್ರಮ, ಎಡವುವ ಜಾಗ, ಮತ್ತು ಆ ರ‍್ಯಾಂಕಿಗೆ ಎಷ್ಟು ಬೆಲೆ ಕೊಡಬೇಕು

ಈಚಿನ ವರ್ಷಗಳಲ್ಲಿ 3 ಲಕ್ಷಕ್ಕೂ ಜಾಸ್ತಿ ಮಕ್ಕಳು ಸಿಇಟಿಗೆ, ಅಂದರೆ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಗೆ, ಅರ್ಜಿ ಹಾಕುತ್ತಿದ್ದಾರೆ. ಎಡವುವುದು ಮಾತ್ರ ಅದೇ ಮೂರು ಕಡೆ. ಬೋರ್ಡ್ ಪರೀಕ್ಷೆ ಮುಗಿದ ಮೇಲೆ ಸಿಇಟಿ ಓದು ಶುರು ಮಾಡುತ್ತಾರೆ. ಗಡಿಯಾರ ಇಡದೆ ಪ್ರಶ್ನೆಪತ್ರಿಕೆ ಬಿಡಿಸುತ್ತಾರೆ. ರ‍್ಯಾಂಕ್ ಬಂದ ಮೇಲೆ ಪಕ್ಕದ ಮನೆಯವರ ಕಾಲೇಜು ಪಟ್ಟಿಯನ್ನು ನಕಲು ಹೊಡೆಯುತ್ತಾರೆ. ಈ ಮೂರನ್ನು ಸರಿಪಡಿಸಿಕೊಳ್ಳುವ ಕ್ರಮ ಇಲ್ಲಿದೆ.

ಇದು ಮುಖ್ಯವಾಗಿ ಸಿಇಟಿ ಮೂಲಕ ಎಂಜಿನಿಯರಿಂಗ್ ಸೀಟಿಗೆ ಹೋಗುವ ಪಿಯುಸಿ ವಿದ್ಯಾರ್ಥಿಗಳಿಗೆ, ಮತ್ತು ಅವರ ಅಪ್ಪ ಅಮ್ಮನಿಗೆ. ವೈದ್ಯಕೀಯ ಸೀಟಿನ ನೀಟ್, ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶ ಪರೀಕ್ಷೆ ಕಾಮೆಡ್‌ಕೆ, ಇವುಗಳ ವಿಷಯ ಬೇಕಾದ ಕಡೆ ಮಾತ್ರ ಬರುತ್ತದೆ. ನಿಯಮಗಳು ವರ್ಷದಿಂದ ವರ್ಷಕ್ಕೆ ಸ್ವಲ್ಪ ಬದಲಾಗುತ್ತವೆ. ಹಾಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ, ಅಂದರೆ ಕೆಇಎಯ, ಆ ವರ್ಷದ ಮಾಹಿತಿ ಪುಸ್ತಿಕೆಯನ್ನು ಪಕ್ಕದಲ್ಲಿ ಇಟ್ಟುಕೊಂಡೇ ಓದಿ.

ಶುರು ಮಾಡುವ ಮುಂಚೆ ಕೈಯಲ್ಲಿರಬೇಕಾದ್ದು

ಪ್ರಥಮ ಮತ್ತು ದ್ವಿತೀಯ ಪಿಯುಸಿಯ ಪಠ್ಯಪುಸ್ತಕಗಳು. ಕೆಇಎ ವೆಬ್‌ಸೈಟಿನಲ್ಲಿ ಸಿಗುವ ಹಳೆಯ ಪ್ರಶ್ನೆಪತ್ರಿಕೆಗಳು ಮತ್ತು ಅವುಗಳ ಕೀ ಉತ್ತರ. ಮಾದರಿ ಒಎಂಆರ್ ಹಾಳೆಯ, ಅಂದರೆ ವೃತ್ತ ತುಂಬಿ ಉತ್ತರ ಗುರುತಿಸುವ ಹಾಳೆಯ, ಒಂದು ಕಟ್ಟು ಜೆರಾಕ್ಸ್. ನೀಲಿ ಅಥವಾ ಕಪ್ಪು ಬಾಲ್ ಪೆನ್ನು. ಗೋಡೆ ಗಡಿಯಾರ. ಒಂದು ಉದ್ದನೆ ನೋಟ್‌ಬುಕ್. ದಾಖಲೆಗಳಿಗೆ ಒಂದು ಫೈಲು.

ಕ್ಯಾಲ್ಕುಲೇಟರ್ ಬೇಡ, ಪರೀಕ್ಷೆಯಲ್ಲಿ ಅದಕ್ಕೆ ಅವಕಾಶ ಇಲ್ಲ. ಒಂದೇ ವಿಷಯಕ್ಕೆ ನಾಲ್ಕು ಗೈಡೂ ಬೇಡ. ಒಂದನ್ನು ಪೂರ್ತಿ ಮುಗಿಸಿದವರು ನಾಲ್ಕನ್ನು ಅರ್ಧರ್ಧ ಓದಿದವರಿಗಿಂತ ಮುಂದೆ ಇರುತ್ತಾರೆ.

1. ಮೊದಲು ರ‍್ಯಾಂಕಿನ ಲೆಕ್ಕ ಅರ್ಥ ಮಾಡಿಕೊಳ್ಳಿ

ಹೆಚ್ಚಿನವರು ಬಿಟ್ಟು ಮುಂದೆ ಹೋಗುವ ಹಂತ ಇದು. ಮುಂದಿನ ಎಲ್ಲ ನಿರ್ಧಾರ ನಿಂತಿರುವುದೂ ಇದರ ಮೇಲೆಯೇ.

ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 60 ಅಂಕ. ಎಂಜಿನಿಯರಿಂಗ್‌ಗೆ ಲೆಕ್ಕಕ್ಕೆ ಬರುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ಒಟ್ಟು 180. ಆದರೆ ರ‍್ಯಾಂಕ್ ಬರುವುದು ಈ 180ರಿಂದ ಮಾತ್ರ ಅಲ್ಲ. ಅರ್ಧ ಭಾಗ ಸಿಇಟಿಯದು, ಇನ್ನರ್ಧ ದ್ವಿತೀಯ ಪಿಯುಸಿಯಲ್ಲಿ ಇದೇ ಮೂರು ವಿಷಯಕ್ಕೆ ಬಂದ ಅಂಕದ್ದು. ಎರಡನ್ನೂ ತಲಾ 50ಕ್ಕೆ ಇಳಿಸಿ ಕೂಡುತ್ತಾರೆ.

ಒಬ್ಬಳಿಗೆ ಪಿಯುಸಿಯಲ್ಲಿ 300ಕ್ಕೆ 285 ಅನ್ನಿ. ಅದು 50ಕ್ಕೆ 47.5. ಸಿಇಟಿಯಲ್ಲಿ 180ಕ್ಕೆ 81, ಅಂದರೆ 22.5. ಒಟ್ಟು 70. ಇನ್ನೊಬ್ಬನಿಗೆ ಪಿಯುಸಿಯಲ್ಲಿ 240, ಅದು 40. ಸಿಇಟಿಯಲ್ಲಿ 108, ಅದು 30. ಅವನಿಗೂ 70. ಊರಿನ ಕಣ್ಣಿಗೆ ಅವಳು ಟಾಪರ್, ಇವನು ಸಾಧಾರಣ. ಕೆಇಎ ಲೆಕ್ಕದಲ್ಲಿ ಇಬ್ಬರೂ ಅಕ್ಕಪಕ್ಕ.

ಇದರಿಂದ ಒಂದು ಅಳತೆ ಸಿಗುತ್ತದೆ: ಸಿಇಟಿಯ 3 ಅಂಕ ಪಿಯುಸಿಯ 5 ಅಂಕಕ್ಕೆ ಸಮ. ಈಗ ನಿಮ್ಮ ಪೂರ್ವಸಿದ್ಧತಾ ಪರೀಕ್ಷೆಯ ಅಂಕ ಮತ್ತು ಒಂದು ಹಳೆಯ ಸಿಇಟಿ ಪತ್ರಿಕೆಯ ಅಂಕ ತೆಗೆದುಕೊಂಡು ಇದೇ ಲೆಕ್ಕ ಹಾಕಿ. ಪಿಯುಸಿಯಲ್ಲಿ ಆಗಲೇ 285ರ ಹತ್ತಿರ ಇದ್ದೀರಾ? ಹಾಗಾದರೆ ಅಲ್ಲಿ ಉಳಿದಿರುವುದು 15 ಅಂಕ. ಸಿಇಟಿಯಲ್ಲಿ ಅವಳ ಹಾಗೆ 81 ಬಂದಿದ್ದರೆ ಇನ್ನೂ 99 ಉಳಿದಿದೆ. ಸಮಯ ಎಲ್ಲಿ ಹಾಕಬೇಕು ಅಂತ ಬೇರೆಯವರನ್ನು ಕೇಳಬೇಕಾಗಿಲ್ಲ.

ಅಂದಹಾಗೆ, ಈಗ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ, ಚೆನ್ನಾಗಿ ಬಂದ ಅಂಕ ಉಳಿಯುತ್ತದೆ. ಪರೀಕ್ಷೆ 1ರಲ್ಲಿ ಯಾವುದಾದರೂ ವಿಷಯ ಕೈಕೊಟ್ಟಿದ್ದರೆ ಪರೀಕ್ಷೆ 2 ಬರೆಯುವುದನ್ನು ಅವಮಾನ ಅಂದುಕೊಳ್ಳಬೇಡಿ. ಹೊಸ ಅಂಕ ಕೆಇಎ ದಾಖಲೆಗೆ ಸೇರಿದೆಯಾ ಅಂತ ಮಾತ್ರ ತಪ್ಪದೆ ನೋಡಿ.

*ಎಚ್ಚರಿಕೆ:* ನೀಟ್ ರ‍್ಯಾಂಕಿಗೆ ಪಿಯುಸಿ ಅಂಕ ಸೇರುವುದಿಲ್ಲ. ಅಲ್ಲಿ ಅದು ಅರ್ಹತೆಗೆ ಮಾತ್ರ. ಕಾಮೆಡ್‌ಕೆಯಲ್ಲೂ ಅಷ್ಟೇ. ಮೂರೂ ಬರೆಯುವವರು ಮೂರಕ್ಕೂ ಒಂದೇ ಲೆಕ್ಕ ಹಾಕಬಾರದು.

2. ಪಠ್ಯಕ್ರಮಕ್ಕೆ ಗಡಿ ಹಾಕಿ

ಸಿಇಟಿ ಬರುವುದು ಎರಡೂ ವರ್ಷದ ಪಾಠಗಳಿಂದ. ದ್ವಿತೀಯ ಪಿಯುಸಿ ಶುರುವಾದ ಕೂಡಲೇ ಪ್ರಥಮ ಪಿಯುಸಿ ಪುಸ್ತಕವನ್ನು ಜೂನಿಯರ್‌ಗೆ ಕೊಟ್ಟುಬಿಡುವ ಅಭ್ಯಾಸ ಇದೆ. ಕೊಡಬೇಡಿ.

ಪುಸ್ತಕದಲ್ಲಿ ಇರುವುದೆಲ್ಲ ಪಠ್ಯಕ್ರಮದಲ್ಲಿ ಇದೆ ಅಂತಲೂ ಅಲ್ಲ. ಪಠ್ಯಪುಸ್ತಕ ರೂಪಿಸುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ ಕೆಲವು ಭಾಗಗಳನ್ನು ಕೈಬಿಟ್ಟಿದೆ. ಹಳೆಯ ಮುದ್ರಣದಲ್ಲಿ ಅವು ಹಾಗೇ ಇವೆ. 2024ರ ಏಪ್ರಿಲ್ 18, 19ರ ಸಿಇಟಿಯಲ್ಲಿ ಪತ್ರಿಕೆ ತೆಗೆದವರೇ ಇಲ್ಲಿ ಎಡವಿದರು. ಪಠ್ಯಕ್ರಮದಲ್ಲಿ ಇಲ್ಲದ ಪ್ರಶ್ನೆಗಳು ಬಂದವು. ಮಕ್ಕಳು, ಉಪನ್ಯಾಸಕರು ಗಲಾಟೆ ಮಾಡಿದ ಮೇಲೆ ಜೀವಶಾಸ್ತ್ರವೂ ಸೇರಿ ನಾಲ್ಕೂ ವಿಷಯದಿಂದ ಒಟ್ಟು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ತೆಗೆದುಹಾಕಬೇಕಾಯಿತು. 240ರಲ್ಲಿ 50!

ನೀವು ಮಾಡಬೇಕಾದ್ದು ಇಷ್ಟು. ಪದವಿ ಪೂರ್ವ ಇಲಾಖೆ ಕೊಟ್ಟ ಆ ವರ್ಷದ ಪಠ್ಯಕ್ರಮವನ್ನು ಮುಂದಿಟ್ಟುಕೊಳ್ಳಿ. ಪುಸ್ತಕದಲ್ಲಿ ಬಿಟ್ಟುಹೋದ ಭಾಗಗಳಿಗೆ ಪೆನ್ಸಿಲ್‌ನಲ್ಲಿ ಅಡ್ಡಗೆರೆ ಎಳೆಯಿರಿ. ಹಳೆಯ ಪತ್ರಿಕೆಗಳಲ್ಲೂ ಆ ಭಾಗದ ಪ್ರಶ್ನೆಗಳನ್ನು ಹೊಡೆದುಹಾಕಿ. ಒಂದು ಭಾನುವಾರದ ಕೆಲಸ.

ಪರೀಕ್ಷೆಯಲ್ಲಿ ಹೊರಗಿನ ಪ್ರಶ್ನೆ ಕಂಡರೆ ಅಲ್ಲೇ ಕೂತು ಕೊರಗಬೇಡಿ. ಒಂದು ಉತ್ತರ ತುಂಬಿ ಮುಂದೆ ಹೋಗಿ. ಜಗಳ ಆಮೇಲೆ. ಕೀ ಉತ್ತರ ಬಿಟ್ಟಾಗ ಆಕ್ಷೇಪಣೆ ಸಲ್ಲಿಸಲು ಕೆಇಎ ಸ್ವಲ್ಪ ಸಮಯ ಕೊಡುತ್ತದೆ.

3. ಬೋರ್ಡ್ ಓದು, ಸಿಇಟಿ ಓದು ಬೇರೆ ಮಾಡಬೇಡಿ

ಪಿಯುಸಿ ಪರೀಕ್ಷೆ ಮುಗಿಯುವುದಕ್ಕೂ ಸಿಇಟಿಗೂ ನಡುವೆ ಸಿಗುವ ದಿನಗಳು ಕಡಿಮೆ. ಅಷ್ಟರಲ್ಲಿ ಎರಡು ವರ್ಷದ ಪಾಠ ತಿರುವಿ ಹಾಕಬಹುದು, ಹೊಸದಾಗಿ ಕಲಿಯಲು ಆಗುವುದಿಲ್ಲ. ಹಾಗಾಗಿ ಪ್ರತಿ ಅಧ್ಯಾಯಕ್ಕೂ ಇದೇ ಕ್ರಮ ಇರಲಿ.

ಮೊದಲು ಪಠ್ಯಪುಸ್ತಕ ಓದಿ. ಮಾದರಿ ಲೆಕ್ಕಗಳನ್ನು ಉತ್ತರ ಮುಚ್ಚಿ ಬಿಡಿಸಿ. ಆಮೇಲೆ ಬೋರ್ಡ್‌ನ ದೊಡ್ಡ ಪ್ರಶ್ನೆಗಳನ್ನು ಬರೆಯಿರಿ. ಎಲ್ಲ ಆದ ಮೇಲೆ, ಸಾಧ್ಯವಾದರೆ ಅದೇ ವಾರ, ಆ ಅಧ್ಯಾಯದ ಹಳೆಯ ಸಿಇಟಿ ಪ್ರಶ್ನೆಗಳು.

ಈ ಕ್ರಮ ತಿರುವುಮುರುವು ಮಾಡಿದರೆ ಪೆಟ್ಟು ಬೀಳುತ್ತದೆ. ಪಾಠ ಓದದೆ ನೇರ ಬಹು ಆಯ್ಕೆ ಪ್ರಶ್ನೆಗೆ ಹಾರಿದವರಿಗೆ ಉತ್ತರ ನೆನಪಿರುತ್ತದೆ, ಕಾರಣ ಗೊತ್ತಿರುವುದಿಲ್ಲ. ಸಂಖ್ಯೆ ಸ್ವಲ್ಪ ಬದಲಾದರೆ ಸಾಕು, ಕೈ ನಿಂತುಹೋಗುತ್ತದೆ. ಅದೇ ಹೊತ್ತಿಗೆ ಬೋರ್ಡ್‌ನಲ್ಲೂ ಹಂತ ಬರೆಯಲು ಬರದೆ ಅಂಕ ಸೋರಿಹೋಗುತ್ತದೆ.

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಯಲ್ಲಿ ಇಂಗ್ಲಿಷ್‌ಗೆ ಬಂದವರಿಗೆ ಒಂದು ಮಾತು. ಮೊದಲ ಕೆಲವು ತಿಂಗಳು ನಿಮಗೆ ಕಷ್ಟ ಕೊಡುವುದು ಭಾಷೆ, ವಿಜ್ಞಾನ ಅಲ್ಲ. ಹೈಸ್ಕೂಲಿನ ಕನ್ನಡ ವಿಜ್ಞಾನ ಪುಸ್ತಕ ಎಸೆಯಬೇಡಿ. ಹೊಸ ಅಧ್ಯಾಯ ಶುರುವಾದಾಗ ಅದರಲ್ಲಿ ಸಂಬಂಧಪಟ್ಟ ಪಾಠ ಒಮ್ಮೆ ಓದಿ, ಆಮೇಲೆ ಇಂಗ್ಲಿಷ್ ಪುಸ್ತಕ ತೆರೆಯಿರಿ. ಅರ್ಥವಾಗದೆ ಬೈಹಾರ್ಟ್ ಮಾಡುವುದಕ್ಕಿಂತ ಇದು ಬೇಗ ಮುಗಿಯುತ್ತದೆ.

4. ಹಳೆಯ ಪತ್ರಿಕೆ ಬಿಡಿಸುವಾಗ 70 ನಿಮಿಷ ಇಡಿ, 80 ಅಲ್ಲ

ಪ್ರಶ್ನೆಪತ್ರಿಕೆಯ ಮೊದಲ ಪುಟವನ್ನು ಯಾರೂ ಓದುವುದಿಲ್ಲ. ಅದರಲ್ಲಿ ಒಟ್ಟು ಅವಧಿ 80 ನಿಮಿಷ ಅಂತ ಇರುತ್ತದೆ. ಪಕ್ಕದಲ್ಲೇ ಉತ್ತರಿಸಲು 70 ನಿಮಿಷ ಅಂತಲೂ ಇರುತ್ತದೆ. ಬೆಳಗ್ಗಿನ ಪತ್ರಿಕೆ 10.30ಕ್ಕೆ ಕೈಗೆ ಬಂದರೂ ಸೀಲ್ ತೆಗೆಯುವುದು 10.40ರ ಬೆಲ್ ಆದ ಮೇಲೆ. ಮುಗಿಯುವುದು 11.50ಕ್ಕೆ. ಮನೆಯಲ್ಲಿ 80 ನಿಮಿಷ ಇಟ್ಟು ಅಭ್ಯಾಸ ಮಾಡಿದವರಿಗೆ ಅಲ್ಲಿ ಕೊನೆಯ ಹತ್ತು ಪ್ರಶ್ನೆ ಕೈಗೆ ಸಿಗದೆ ಹೋಗುತ್ತವೆ.

70 ನಿಮಿಷವನ್ನು ಮೂರು ಸುತ್ತಾಗಿ ಹಂಚಿ. ಮೊದಲ 35 ನಿಮಿಷ: ನೋಡಿದ ಕೂಡಲೇ ದಾರಿ ಹೊಳೆಯುವ ಪ್ರಶ್ನೆಗಳು ಮಾತ್ರ. ಮುಂದಿನ 25 ನಿಮಿಷ: ಲೆಕ್ಕ ಹಾಕಬೇಕಾದವು. ಕೊನೆಯ 10 ನಿಮಿಷ: ಉಳಿದವಕ್ಕೆ ಊಹೆ, ಮತ್ತು ಒಎಂಆರ್ ಮೇಲೆ ಒಂದು ಕಣ್ಣು. ಗಣಿತಕ್ಕೆ ಈ ಹಂಚಿಕೆ ಸ್ವಲ್ಪ ಏರುಪೇರಾಗುತ್ತದೆ, ಅಲ್ಲಿ ಎರಡನೇ ಸುತ್ತು ಜಾಸ್ತಿ ತಿನ್ನುತ್ತದೆ. ರಸಾಯನಶಾಸ್ತ್ರದಲ್ಲಿ ಮೊದಲ ಸುತ್ತಿನಲ್ಲೇ ಮುಕ್ಕಾಲು ಮುಗಿಯಬಹುದು.

ಒಂದು ಪ್ರಶ್ನೆಗೆ ಎರಡು ನಿಮಿಷ ಕಳೆದರೂ ದಾರಿ ಕಾಣದಿದ್ದರೆ ಬಿಟ್ಟುಬಿಡಿ. ಜಾಣ ಮಕ್ಕಳು ಹೆಚ್ಚಾಗಿ ಸಿಕ್ಕಿಕೊಳ್ಳುವುದು ಇಲ್ಲೇ. "ಇದು ನನಗೆ ಬರಬೇಕಿತ್ತು" ಅಂತ ಹಠ ಹಿಡಿದು ಒಂದು ಅಂಕಕ್ಕೆ ಆರು ಅಂಕ ಕಳೆದುಕೊಳ್ಳುತ್ತಾರೆ.

ಇನ್ನೊಂದು: ಮಾಕ್ ಟೆಸ್ಟನ್ನು ರಾತ್ರಿ ಹತ್ತಕ್ಕೆ ಬರೆಯಬೇಡಿ. ಸಿಇಟಿ ಇರುವುದು ಬೆಳಗ್ಗೆ 10.30ಕ್ಕೆ ಮತ್ತು ಮಧ್ಯಾಹ್ನ 2.30ಕ್ಕೆ. ಏಪ್ರಿಲ್ ಬಿಸಿಲಲ್ಲಿ ಊಟ ಆದ ಮೇಲೆ ಎರಡನೇ ಪತ್ರಿಕೆ ಬರೆಯುವ ಅಭ್ಯಾಸ ದೇಹಕ್ಕೆ ಬೇಕು. ಕೊನೆಯ ಎರಡು ವಾರ ಕನಿಷ್ಠ ನಾಲ್ಕೈದು ದಿನ ಅದೇ ಹೊತ್ತಿಗೆ ಎರಡೂ ಪತ್ರಿಕೆ ಬರೆಯಿರಿ, ನಡುವೆ ಲಘುವಾಗಿ ಊಟ ಮಾಡಿ.

5. ತಪ್ಪಿನ ಪುಸ್ತಕ ಇಡಿ

ಆ ಉದ್ದನೆ ನೋಟ್‌ಬುಕ್ ಇದಕ್ಕೇ. ನಾಲ್ಕು ಕಾಲಂ: ಪ್ರಶ್ನೆ, ನಾನು ಹಾಕಿದ್ದು, ಸರಿ ಉತ್ತರ, ಯಾಕೆ ತಪ್ಪಾಯಿತು. ನಾಲ್ಕನೇ ಕಾಲಂನಲ್ಲಿ "ಸಿಲ್ಲಿ ಮಿಸ್ಟೇಕ್" ಅಂತ ಬರೆಯುವ ಹಾಗಿಲ್ಲ. ಅದು ಕಾರಣ ಅಲ್ಲ, ಸಮಾಧಾನ.

ಒಂದು ಪ್ರಶ್ನೆಯನ್ನು ಹತ್ತಿರದಿಂದ ನೋಡೋಣ. 6 ಓಮ್ ಮತ್ತು 3 ಓಮ್‌ನ ಎರಡು ರೆಸಿಸ್ಟರ್‌ಗಳು ಸಮಾಂತರವಾಗಿ ಸೇರಿವೆ. ಒಟ್ಟು ರೋಧ ಎಷ್ಟು? ಆಯ್ಕೆಗಳು: 9, 4.5, 0.5, 2.

ಸರಿ ಉತ್ತರ 2. ಉಳಿದ ಮೂರು ಸುಮ್ನೆ ಬಂದ ಸಂಖ್ಯೆಗಳಲ್ಲ. 9 ಅಂತ ಹಾಕಿದವರು ಸಮಾಂತರವನ್ನು ಸರಣಿ ಅಂತ ಓದಿದ್ದಾರೆ. 4.5 ಹಾಕಿದವರು ಸೂತ್ರ ಗೊತ್ತಿಲ್ಲದೆ ಸರಾಸರಿ ತೆಗೆದಿದ್ದಾರೆ. 0.5 ಹಾಕಿದವರಿಗೆ ಎಲ್ಲ ಗೊತ್ತು. ಆರರಲ್ಲಿ ಒಂದು, ಮೂರರಲ್ಲಿ ಒಂದು ಕೂಡಿಸಿದ್ದಾರೆ, ಎರಡರಲ್ಲಿ ಒಂದು ಬಂದಿದೆ, ಕೊನೆಗೆ ಅದನ್ನು ತಿರುಗಿಸುವುದು ಮರೆತಿದ್ದಾರೆ. ತಪ್ಪು ಆಯ್ಕೆಗಳನ್ನು ಹೀಗೆ ಮಕ್ಕಳು ಮಾಡುವ ತಪ್ಪಿನಿಂದಲೇ ಕಟ್ಟುತ್ತಾರೆ. ಅದಕ್ಕೇ "ನನಗೆ ಬಂದ ಉತ್ತರ ಆಯ್ಕೆಯಲ್ಲಿ ಇದೆ, ಸರಿ ಇರಬೇಕು" ಅನ್ನುವ ಧೈರ್ಯ ಸಿಇಟಿಯಲ್ಲಿ ನಡೆಯುವುದಿಲ್ಲ.

ಈಗ ಮೂವರಿಗೂ ಮದ್ದು ಬೇರೆ ಬೇರೆ. ಮೊದಲಿನವರು ಪ್ರಶ್ನೆಯ ಮುಖ್ಯ ಪದಕ್ಕೆ ಪೆನ್ನಿನಲ್ಲಿ ಗೆರೆ ಹಾಕುವ ಅಭ್ಯಾಸ ಮಾಡಬೇಕು. ಎರಡನೆಯವರು ಪಾಠಕ್ಕೆ ವಾಪಸ್ ಹೋಗಬೇಕು. ಮೂರನೆಯವರು ಉತ್ತರ ಬಂದ ಮೇಲೆ "ಸಮಾಂತರದಲ್ಲಿ ಒಟ್ಟು ರೋಧ ಚಿಕ್ಕದಕ್ಕಿಂತ ಕಡಿಮೆ ಬರಬೇಕು" ಅಂತ ಪರೀಕ್ಷಿಸಿದರೂ ಸಾಲದು, 0.5 ಕೂಡ ಅದನ್ನು ದಾಟುತ್ತದೆ. ಅವರು ಕೊನೆಯ ಸಾಲನ್ನು ಬರೆದೇ ಮುಗಿಸಬೇಕು, ಮನಸ್ಸಲ್ಲಿ ಅಲ್ಲ. ಮೂವರೂ "ಇನ್ನೂ ಜಾಸ್ತಿ ಓದಬೇಕು" ಅಂತ ಬರೆದುಕೊಂಡರೆ ಇಬ್ಬರ ಓದು ದಂಡ.

ವಾರಕ್ಕೊಮ್ಮೆ ನಾಲ್ಕನೇ ಕಾಲಂ ಮಾತ್ರ ಓದಿ. ಯಾವ ಕಾರಣ ಜಾಸ್ತಿ ಬಂದಿದೆ ಅಂತ ಎಣಿಸಿ. ಮುಂದಿನ ವಾರದ ಟೈಮ್‌ಟೇಬಲ್ ಅದೇ ಹೇಳುತ್ತದೆ.

6. ಹಾಗಾದರೆ ಈ ಪರೀಕ್ಷೆ ಏನನ್ನು ಅಳೆಯುತ್ತದೆ?

ಮಾರ್ಗದರ್ಶಿಯ ನಡುವೆ ಈ ಪ್ರಶ್ನೆ ಯಾಕೆ ಅನ್ನಬಹುದು. ಮುಂದೆ 7ನೇ ಹಂತದಲ್ಲಿ ಕೋಚಿಂಗ್ ದುಡ್ಡಿನ ವಿಷಯ, 9ರಲ್ಲಿ ಇನ್ನೊಂದು ವರ್ಷ ಕೂರುವ ವಿಷಯ ಬರುತ್ತದೆ. ಅದಕ್ಕೆ ಮುಂಚೆ ಇದು ಬೇಕು.

ಅದೇ ರೆಸಿಸ್ಟರ್ ಲೆಕ್ಕಕ್ಕೆ ಬನ್ನಿ. ಬೋರ್ಡ್ ಪರೀಕ್ಷೆಯಲ್ಲಿ 0.5 ಬರೆದವರಿಗೆ ಸೂತ್ರಕ್ಕೆ, ಹಂತಕ್ಕೆ ಅಂಕ ಸಿಗುತ್ತದೆ. ಸಿಇಟಿಯಲ್ಲಿ ಸೊನ್ನೆ. ಏನೂ ಗೊತ್ತಿಲ್ಲದೆ ಕಣ್ಣು ಮುಚ್ಚಿ 2ಕ್ಕೆ ಶೇಡ್ ಮಾಡಿದವರಿಗೆ ಪೂರ್ತಿ ಒಂದು. ಯಂತ್ರ ನೋಡುವುದು ಕಪ್ಪಾದ ವೃತ್ತವನ್ನು ಮಾತ್ರ. 60 ಪ್ರಶ್ನೆಗೆ 70 ನಿಮಿಷ ಅಂದರೆ ಅದು ಅಳೆಯುವುದು ವೇಗ, ಅಭ್ಯಾಸ, ಒತ್ತಡದಲ್ಲಿ ಕೈ ನಡುಗದೆ ಇರುವುದು. ವಿಷಯ ಜ್ಞಾನವೂ ಅದರಲ್ಲಿ ಸೇರಿದೆ, ಇಲ್ಲ ಅನ್ನುವುದಿಲ್ಲ. ಆದರೆ ಲ್ಯಾಬ್‌ನಲ್ಲಿ ಸರ್ಕ್ಯೂಟ್ ಕೈಯಾರೆ ಕಟ್ಟುವ ಹುಡುಗನನ್ನು ಅದು ಗುರುತಿಸುವುದಿಲ್ಲ. ಒಂದು ಸಮಸ್ಯೆ ಹಿಡಿದು ಮೂರು ದಿನ ಯೋಚಿಸುವ ಹುಡುಗಿಯನ್ನೂ ಗುರುತಿಸುವುದಿಲ್ಲ.

ರ‍್ಯಾಂಕ್ ಸೂತ್ರದ ಕೂಸು ಅನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿ ಇದೆ. 2021ರಲ್ಲಿ ಕೋವಿಡ್‌ನಿಂದ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಯಿತು, ರ‍್ಯಾಂಕನ್ನು ಸಿಇಟಿ ಅಂಕದಿಂದಲೇ ಕೊಟ್ಟರು. 2022ರಲ್ಲಿ ಮತ್ತೆ ಅರ್ಧರ್ಧ ಬಂತು. ಆಗ ಹಿಂದಿನ ವರ್ಷ ಪಾಸಾದವರ ಪಿಯುಸಿ ಅಂಕ ಸೇರಿಸಬೇಕೋ ಬೇಡವೋ ಅನ್ನುವ ಜಗಳ ಹೈಕೋರ್ಟ್‌ವರೆಗೂ ಹೋಯಿತು. ಯಾವ ಅಂಕ ಸೇರಿಸುತ್ತೀರಿ ಅನ್ನುವುದರ ಮೇಲೆ ಒಂದೇ ಮಗುವಿನ ರ‍್ಯಾಂಕ್ ಸಾವಿರಗಟ್ಟಲೆ ಮೇಲೆ ಕೆಳಗೆ ಆಗುತ್ತಿತ್ತು. ಮಗು ಅದೇ, ಬುದ್ಧಿ ಅದೇ.

ನೀಟ್ ಕಥೆ ಇನ್ನೂ ಕಟು. 2024ರ ಮೇ 5ರ ಪರೀಕ್ಷೆಯಲ್ಲಿ 67 ಮಂದಿಗೆ 720ಕ್ಕೆ 720 ಬಂತು. 1,563 ಮಂದಿಗೆ ಕೊಟ್ಟ ಕೃಪಾಂಕ ವಾಪಸ್ ತೆಗೆದು, ಅವರಿಗೆ ಮರುಪರೀಕ್ಷೆ ಅವಕಾಶ ಕೊಡಬೇಕಾಯಿತು. ಪ್ರಶ್ನೆಪತ್ರಿಕೆ ಸೋರಿಕೆಯ ದೂರು ಸುಪ್ರೀಂ ಕೋರ್ಟ್‌ಗೆ ಹೋಯಿತು. ಇಡೀ ಪರೀಕ್ಷೆ ರದ್ದು ಮಾಡಲು ಕೋರ್ಟ್ ಒಪ್ಪಲಿಲ್ಲ. ಅದೇ ಜುಲೈನಲ್ಲಿ ನಮ್ಮ ವಿಧಾನಸಭೆ ನೀಟ್ ವಿರುದ್ಧ ನಿರ್ಣಯ ಮಾಡಿತು.

ನನ್ನ ಅಭಿಪ್ರಾಯ ಇಷ್ಟು. ಸೀಟು ಕಡಿಮೆ, ಕೇಳುವವರು ಜಾಸ್ತಿ ಇರುವಾಗ ಸಾಲು ನಿಲ್ಲಿಸಲು ಏನಾದರೂ ಬೇಕು. ಶಿಫಾರಸು, ಡೊನೇಶನ್ನಿಗಿಂತ ಪರೀಕ್ಷೆ ಎಷ್ಟೋ ವಾಸಿ. ಆ ಪರೀಕ್ಷೆಗೆ ಬೋರ್ಡ್ ಅಂಕದ ಅರ್ಧ ಪಾಲು ಸೇರಿಸುವ ನಮ್ಮ ಪದ್ಧತಿ ನೀಟ್‌ಗಿಂತ ವಾಸಿ, ಯಾಕೆಂದರೆ ಊರಿನ ಸರ್ಕಾರಿ ಕಾಲೇಜಿನಲ್ಲಿ ವರ್ಷವಿಡೀ ಓದಿದ್ದಕ್ಕೂ ಸ್ವಲ್ಪ ಬೆಲೆ ಸಿಗುತ್ತದೆ. ಆದರೆ ಅದು ಸಾಲು ನಿಲ್ಲಿಸುವ ಸಾಧನ, ಅಷ್ಟೇ. ಅದಕ್ಕೆ ತಕ್ಕಷ್ಟೇ ದುಡ್ಡು, ಅದಕ್ಕೆ ತಕ್ಕಷ್ಟೇ ನಿದ್ದೆ ಖರ್ಚು ಮಾಡಿ.

7. ಕೋಚಿಂಗ್‌ಗೆ ದುಡ್ಡು ಕಟ್ಟುವ ಮುಂಚೆ

ಮೊದಲು ಮೇಲಿನ ಐದು ಹಂತವನ್ನು ಎರಡು ತಿಂಗಳು ಮನೆಯಲ್ಲೇ ಮಾಡಿ ನೋಡಿ. ತಪ್ಪಿನ ಪುಸ್ತಕದಲ್ಲಿ "ಗೊತ್ತಿರಲಿಲ್ಲ" ಅನ್ನುವುದೇ ಜಾಸ್ತಿ ಇದ್ದು, ಕಾಲೇಜಿನಲ್ಲಿ ಕೇಳಲು ಯಾರೂ ಸಿಗದಿದ್ದರೆ, ಆ ವಿಷಯಕ್ಕೆ ಮಾತ್ರ ಟ್ಯೂಷನ್ ಹುಡುಕಿ. "ಪ್ರಶ್ನೆ ತಪ್ಪಾಗಿ ಓದಿದೆ", "ಟೈಮ್ ಸಾಲಲಿಲ್ಲ" ಜಾಸ್ತಿ ಇದ್ದರೆ ಲಕ್ಷ ಕೊಟ್ಟರೂ ಅದನ್ನು ಬೇರೆಯವರು ಸರಿಮಾಡಲಾರರು. ಹಳೆಯ ಪತ್ರಿಕೆ ಮತ್ತು ಗಡಿಯಾರ ಸಾಕು.

ಸೇರಲೇಬೇಕು ಅಂದರೆ ಈ ಚಿಹ್ನೆಗಳನ್ನು ನೋಡಿ. ರ‍್ಯಾಂಕ್ ಗ್ಯಾರಂಟಿ ಅನ್ನುತ್ತಾರಾ? ಎರಡೂ ವರ್ಷದ ಶುಲ್ಕ ಒಟ್ಟಿಗೆ ಕಟ್ಟಿ, ವಾಪಸ್ ಇಲ್ಲ ಅನ್ನುತ್ತಾರಾ? ಒಬ್ಬನೇ ಟಾಪರ್‌ನ ಫೋಟೋ ಎರಡು ಸಂಸ್ಥೆಯ ಹೋರ್ಡಿಂಗ್‌ನಲ್ಲಿ ಇದೆಯಾ? ಕಾಲೇಜಿಗೆ ಬರಬೇಡಿ, ಹಾಜರಿ ನಾವು ನೋಡಿಕೊಳ್ಳುತ್ತೇವೆ ಅನ್ನುತ್ತಾರಾ? ಪ್ರಾಕ್ಟಿಕಲ್ ಕೊನೆಯ ವಾರ ಮಾಡಿದರಾಯಿತು ಅನ್ನುತ್ತಾರಾ? ಯಾವುದಕ್ಕೆ ಹೌದು ಅಂದರೂ ಎದ್ದು ಬನ್ನಿ. ಡಮ್ಮಿ ಹಾಜರಿಯ ದಾರಿ ಸಿಇಟಿಗಂತೂ ಮೂರ್ಖತನ, ಅರ್ಧ ರ‍್ಯಾಂಕ್ ಇರುವುದೇ ಬೋರ್ಡ್‌ನಲ್ಲಿ ಅಲ್ವಾ?

ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ತಂದಿದೆ. 16 ವರ್ಷಕ್ಕಿಂತ ಚಿಕ್ಕವರನ್ನು ಸೇರಿಸಬಾರದು, ರ‍್ಯಾಂಕ್ ಭರವಸೆ ಕೊಡಬಾರದು, ನಡುವೆ ಬಿಟ್ಟರೆ ಉಳಿದ ಅವಧಿಯ ಶುಲ್ಕವನ್ನು 10 ದಿನದಲ್ಲಿ ವಾಪಸ್ ಕೊಡಬೇಕು ಅಂತ ಅದರಲ್ಲಿದೆ. ದುಡ್ಡು ಕಟ್ಟುವ ಮುಂಚೆ ಇದನ್ನು ಮುಂದಿಟ್ಟು ಕೇಳಿ. ಮುಖ ಹೇಗಾಗುತ್ತದೆ ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

8. ಒಎಂಆರ್ ಮತ್ತು ಊಹೆ

ವೃತ್ತಗಳನ್ನೆಲ್ಲ ಕೊನೆಗೆ ಒಟ್ಟಿಗೆ ತುಂಬುತ್ತೇನೆ ಅನ್ನಬೇಡಿ. ಒಂದಕ್ಕೆ 10 ಸೆಕೆಂಡ್ ಅಂದರೂ 60ಕ್ಕೆ 10 ನಿಮಿಷ ಬೇಕು. ಪ್ರಶ್ನೆಪತ್ರಿಕೆಯ ಒಂದು ಪುಟ ಮುಗಿದ ಕೂಡಲೇ ಆ ಪುಟದ್ದು ತುಂಬಿ. ಪ್ರಶ್ನೆ ಬಿಟ್ಟು ಮುಂದೆ ಹೋದಾಗ ಸಾಲು ತಪ್ಪುವ ಅಪಾಯ ಜಾಸ್ತಿ, ಆಗ ಪ್ರಶ್ನೆ ಸಂಖ್ಯೆಯನ್ನು ಬಾಯಲ್ಲಿ ಮೆಲ್ಲಗೆ ಹೇಳಿಕೊಂಡು ತುಂಬಿ.

ನಿಮ್ಮ ಪ್ರಶ್ನೆಪತ್ರಿಕೆ ಯಾವ ಆವೃತ್ತಿ ಅಂತ ಹೇಳುವ ವರ್ಷನ್ ಕೋಡ್ ಬರೆಯುವುದು ಮಾತ್ರ ಅಲ್ಲ, ಶೇಡ್ ಕೂಡ ಮಾಡಬೇಕು. ಉತ್ತರ ಎಷ್ಟೇ ಸರಿ ಇದ್ದರೂ ಕೋಡ್ ತಪ್ಪಿದರೆ ಬೇರೆಯವರ ಕೀ ಜತೆ ಹೋಲಿಸಿದಂತಾಗುತ್ತದೆ. ಒಂದು ಪ್ರಶ್ನೆಗೆ ಎರಡು ವೃತ್ತ ತುಂಬಿದರೆ ಅಂಕ ಹೋಯಿತು. ಬ್ಲೇಡ್‌ನಿಂದ ಕೆರೆಯುವುದು, ವೈಟ್ನರ್ ಹಚ್ಚುವುದು ಬೇಡವೇ ಬೇಡ. ಕೊನೆಗೆ ನಿಮಗೆ ಕೊಡುವ ಒಎಂಆರ್ ಪ್ರತಿಯನ್ನು ಜೋಪಾನವಾಗಿ ಇಡಿ.

ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ. ಒಂದನ್ನೂ ಖಾಲಿ ಬಿಡಬೇಡಿ. ಗೊತ್ತಿಲ್ಲದ 12 ಪ್ರಶ್ನೆಗೆ ಊಹೆ ಮಾಡಿದರೆ ಸರಾಸರಿ 3 ಸರಿಯಾಗುತ್ತವೆ, ಅಂದರೆ ಪಿಯುಸಿಯ 5 ಅಂಕ.

ನೀಟ್‌ನಲ್ಲಿ ಸರಿಗೆ 4, ತಪ್ಪಿಗೆ ಕಳೆ 1. "ಅಲ್ಲಿ ಊಹೆ ಮಾಡಲೇಬಾರದು" ಅನ್ನುವುದು ಗಾಳಿಮಾತು. ಲೆಕ್ಕ ಹಾಕಿ: ನಾಲ್ಕು ಪ್ರಶ್ನೆಗೆ ಕುರುಡು ಊಹೆ ಮಾಡಿದರೆ ಸರಾಸರಿ ಒಂದು ಸರಿ, ಮೂರು ತಪ್ಪು. 4ರಲ್ಲಿ 3 ಹೋದರೆ 1 ಉಳಿಯುತ್ತದೆ. ಅಷ್ಟಕ್ಕೆ ಗಂಡಾಂತರ ಬೇಡ ಅನ್ನಿಸಿದರೆ ಬಿಡಿ. ಆದರೆ ಒಂದೆರಡು ಆಯ್ಕೆ ಖಂಡಿತ ತಪ್ಪು ಅಂತ ಗೊತ್ತಿದ್ದರೆ ಉಳಿದವುಗಳಲ್ಲಿ ಒಂದನ್ನು ತುಂಬುವುದೇ ಲಾಭ.

ಕೈಗಡಿಯಾರ ಒಳಗೆ ಬಿಡುವುದಿಲ್ಲ. ಉಡುಪಿಗೂ ನಿಯಮ ಇದೆ. ಪ್ರವೇಶಪತ್ರದ ಜತೆ ಬರುವ ಸೂಚನೆಯನ್ನು ಹಿಂದಿನ ದಿನವೇ ಓದಿ, ಗೇಟಿನ ಹತ್ತಿರ ಅಲ್ಲ.

9. ಅಂಕ ಇಳಿದರೆ, ನಿದ್ದೆ ಬಿಟ್ಟರೆ

ಮಾಕ್ ಅಂಕ ಮೂರು ನಾಲ್ಕು ಸಲ ಸತತವಾಗಿ ಇಳಿದರೆ ಓದುವ ಗಂಟೆ ಏರಿಸಬೇಡಿ. ಮೊದಲು ನಿದ್ದೆ ನೋಡಿ, ಆಮೇಲೆ ತಪ್ಪಿನ ಪುಸ್ತಕ ನೋಡಿ. ಮಗು ಊಟ ಬಿಟ್ಟಿದೆ, ಯಾರ ಜತೆಗೂ ಮಾತಿಲ್ಲ, "ನಾನು ಇದ್ದು ಏನು ಪ್ರಯೋಜನ" ಅನ್ನುವಂಥ ಮಾತು ಬಂದಿದೆ ಅಂದರೆ ಪುಸ್ತಕ ಮುಚ್ಚಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅಪ್ಪ ಅಮ್ಮನೂ ಕರೆ ಮಾಡಬಹುದು.

"ಇನ್ನೊಂದು ವರ್ಷ ಕೂರ್ತೀನಿ" ಅನ್ನುವವರು ಮತ್ತೆ ಒಂದನೇ ಹಂತದ ಲೆಕ್ಕ ಹಾಕಿ. ಪಿಯುಸಿಯಲ್ಲಿ ಶೇ 60 ಇದ್ದರೆ ಅದು 30ಕ್ಕೆ ನಿಂತಿದೆ. ಒಂದು ವರ್ಷ ದುಡಿದು ಸಿಇಟಿಯನ್ನು 80ರಿಂದ 120ಕ್ಕೆ ತಂದರೆ 22.2 ಇದ್ದದ್ದು 33.3 ಆಗುತ್ತದೆ. ಒಟ್ಟು 52ರಿಂದ 63. ಹಿಂದಿನ ವರ್ಷ 63ಕ್ಕೆ ಎಷ್ಟು ರ‍್ಯಾಂಕ್, ಆ ರ‍್ಯಾಂಕಿಗೆ ಯಾವ ಕಾಲೇಜು ಅಂತ ನೋಡಿ. ಈಗ ಸಿಗುವುದಕ್ಕಿಂತ ನಿಜವಾಗಿ ಮೇಲಿನದು ಸಿಕ್ಕರೆ ಮಾತ್ರ ಕೂರಿ. ಡಿಪ್ಲೊಮಾ ಮಾಡಿ ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರ ಸೇರುವ ದಾರಿಯೂ ಇದೆ.

10. ದಾಖಲೆ ಈಗಲೇ, ಪಟ್ಟಿ ನಿಮ್ಮದೇ

ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮೊದಲೇ ಮಾಡಿಸಿಡಿ, ಅರ್ಜಿಯಲ್ಲಿ ಆ ಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಕೇಳುತ್ತಾರೆ. ಗ್ರಾಮೀಣ ಮೀಸಲಿಗೆ ಶೇ 15, ಕನ್ನಡ ಮಾಧ್ಯಮಕ್ಕೆ ಶೇ 5 ಸೀಟು ಇದೆ. ಎರಡಕ್ಕೂ 1ರಿಂದ 10ನೇ ತರಗತಿವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕು, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಸಹಿ ಬೇಕು. ಮೂರು ಶಾಲೆ ಬದಲಿಸಿದ್ದರೆ ಮೂರು ಕಡೆ ಓಡಾಡಬೇಕು. ಕಲ್ಯಾಣ ಕರ್ನಾಟಕದವರು 371ಜೆ ಪ್ರಮಾಣಪತ್ರ ಮರೆಯಬೇಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರು ಹೇಗಿದೆಯೋ ಅರ್ಜಿಯಲ್ಲೂ ಹಾಗೇ, ಇನಿಷಿಯಲ್ ಸಮೇತ. ಅರ್ಜಿ ತುಂಬುವಾಗ ಬಿಟ್ಟ ಮೀಸಲಾತಿಯನ್ನು ಆಮೇಲೆ ಸೇರಿಸಲು ಅಲೆದಾಡುವುದು ಬಹಳ ಕಷ್ಟ.

ರ‍್ಯಾಂಕ್ ಬಂದ ಮೇಲೆ ಹಿಂದಿನ ವರ್ಷದ ಕಟ್‌ಆಫ್ ಪಟ್ಟಿಯನ್ನು ಕೆಇಎ ಸೈಟಿನಿಂದ ಇಳಿಸಿಕೊಳ್ಳಿ. ಅದರಲ್ಲಿ ಜಿಎಂ ಅಂದರೆ ಸಾಮಾನ್ಯ. ಕೊನೆಯಲ್ಲಿ ಬರುವ ಆರ್ ಗ್ರಾಮೀಣಕ್ಕೆ, ಕೆ ಕನ್ನಡ ಮಾಧ್ಯಮಕ್ಕೆ. 2ಎಆರ್ ಅಂದರೆ 2ಎ ಗ್ರಾಮೀಣ. ನಿಮಗೆ ಅನ್ವಯಿಸುವ ಎಲ್ಲ ಕಾಲಂ ನೋಡಿ, ಜಿಎಂ ಒಂದನ್ನೇ ನೋಡಿ ಕೈಚೆಲ್ಲಬೇಡಿ.

ನೀವು ಕೆಇಎಗೆ ಕೊಡುವ ಕಾಲೇಜು ಆಯ್ಕೆ ಪಟ್ಟಿಯ ಕ್ರಮ ಹೀಗಿರಲಿ: ನಿಮಗೆ ಹೆಚ್ಚು ಇಷ್ಟವಾದದ್ದು ಮೇಲೆ, ಸಿಗಲಿ ಸಿಗದಿರಲಿ. ಸಿಗುವ ಸಾಧ್ಯತೆ ಇರುವುದನ್ನೇ ಮೇಲೆ ಹಾಕಿದರೆ ಅದೇ ಸಿಗುತ್ತದೆ, ಕೆಳಗೆ ಬರೆದ ಒಳ್ಳೆಯದನ್ನು ಕಂಪ್ಯೂಟರ್ ನೋಡುವುದೇ ಇಲ್ಲ. ಸಿಕ್ಕರೂ ಸೇರಲಾರೆ ಅನ್ನುವ ಕಾಲೇಜನ್ನು ಪಟ್ಟಿಯಲ್ಲೇ ಹಾಕಬೇಡಿ. ಅಣಕು ಹಂಚಿಕೆ ಬಂದಾಗ ಪಟ್ಟಿ ತಿದ್ದಲು ಅವಕಾಶ ಇರುತ್ತದೆ. ಅದು ಸೀಟು ಅಲ್ಲ, ಸೂಚನೆ ಮಾತ್ರ.

ನಿಜವಾದ ಸೀಟು ಹಂಚಿಕೆಯಾದ ಮೇಲೆ ನಾಲ್ಕು ಆಯ್ಕೆ ಬರುತ್ತವೆ. ಒಂದು: ಇದೇ ಸಾಕು, ಶುಲ್ಕ ಕಟ್ಟಿ ಕಾಲೇಜಿಗೆ ಸೇರುತ್ತೇನೆ. ಎರಡು: ಇದನ್ನು ಇಟ್ಟುಕೊಂಡು, ಶುಲ್ಕ ಕಟ್ಟಿ, ಮುಂದಿನ ಸುತ್ತಿನಲ್ಲಿ ಮೇಲಿನದಕ್ಕೆ ಕಾಯುತ್ತೇನೆ. ಮೂರು: ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ನಾಲ್ಕು: ನಾನು ಹೊರಟೆ. ಎರಡರಲ್ಲಿ ಮೇಲಿನದು ಸಿಕ್ಕಿದರೆ ಹಳೆಯ ಸೀಟು ತಾನಾಗಿ ಹೋಗುತ್ತದೆ, ಆಮೇಲೆ ಹಳೆಯದೇ ಬೇಕು ಅಂದರೆ ಸಿಗುವುದಿಲ್ಲ. ಮೂರನ್ನು ಒತ್ತುವವರು ಈ ಸೀಟು ಕೈಬಿಟ್ಟಂತೆ ಅಂತ ತಿಳಿದೇ ಒತ್ತಬೇಕು. ಕಾಮೆಡ್‌ಕೆ ಅಥವಾ ಬೇರೆ ಕಡೆ ಸೀಟು ಸಿಗುವ ಮಾತು ನಡೆಯುತ್ತಿದ್ದರೆ, ಅಲ್ಲಿ ಶುಲ್ಕದ ರಸೀದಿ ಕೈಗೆ ಬರುವವರೆಗೆ ನಾಲ್ಕನ್ನು ಮುಟ್ಟಬೇಡಿ. ಶುಲ್ಕ ಕಟ್ಟುವ ಕೊನೆಯ ದಿನ ಸಂಜೆ ಸರ್ವರ್ ನಿಧಾನವಾಗುತ್ತದೆ, ಹಾಗಾಗಿ ಒಂದು ದಿನ ಮುಂಚೆಯೇ ಮುಗಿಸಿ, ಚಲನ್ ಪ್ರತಿ ತೆಗೆದು ಆ ಫೈಲಿಗೆ ಹಾಕಿ.